ಕೋಶಸೂತ್ರವಿಚಾರ

೧

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ವಿಜ್ಞಾನದ ಪಾರಿಭಾಷಿಕ ಶಬ್ದಗಳ ಒಂದು ಪಟ್ಟಿಯನ್ನು ಪರಿಷ್ಕರಿಸುವ ಸಂದರ್ಭದಲ್ಲಿ, ‘ಸೈಟೋಸ್ಕೆಲಿಟನ್’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಏನು ಹೇಳತಕ್ಕದ್ದೆಂಬ ಪ್ರಶ್ನೆಯು ನನ್ನ ಮುಂದೆ ಬಂದಿತ್ತು. ಕೋಶ, ಅಸ್ಥಿ, ಪಂಜರ ಎಂಬ ಮೂರು ಪದಗಳನ್ನು ಸಮಾಸಮಾಡಿ ‘ಕೋಶಾಸ್ಥಿಪಂಜರ’ವೆಂದು ನಾನು ಹೇಳಿದೆನು. ಸಂಧಿಯು ಶುದ್ಧವಾಗಿತ್ತು, ಸಮಾಸವು ನಿರ್ದುಷ್ಟವಾಗಿತ್ತು. ಅಷ್ಟರಿಂದಲೇ ನನಗೆ ತೃಪ್ತಿಯಾಯಿತು. ಆ ಶಬ್ದವು ಯಾವ ವಸ್ತುವನ್ನು ಹೇಳುವುದೋ ಆ ವಸ್ತುವನ್ನು ನಾನು ಕಂಡಿರಲಿಲ್ಲ. ಕಂಡವರನ್ನು ಕೇಳಿಯೂ ಇರಲಿಲ್ಲ.

ಹಿಂದೆ ನನ್ನಲ್ಲಿ ಸಂಸ್ಕೃತವನ್ನು ಓದಿ, ಈಗ ಹಾವೇರಿ ಜಿಲ್ಲೆಯಲ್ಲಿ ಜೀವಶಾಸ್ತ್ರವನ್ನು ಬೋಧಿಸುತ್ತಿರುವ ಶಿಷ್ಯರೊಬ್ಬರು ಕಳೆದ ವರ್ಷ ಮನೆಗೆ ಬಂದಾಗ ತಮ್ಮ ವಿದ್ಯಾರ್ಥಿಯೊಬ್ಬನು ಬರೆದ ಉತ್ತರವನ್ನು ಹೇಳಿದರು. ಜೀವಕೋಶದೊಳಗೆ ಸಣ್ಣ ಸಣ್ಣ ಎಲುಬುಗಳಿರುವುವೆಂದೂ ಅವುಗಳ ಬಲದಿಂದಲೇ ಕೋಶವು ಕುಸಿಯದೆ ನಿಲ್ಲುವುದೆಂದೂ ಆ ಹುಡುಗನು ಬರೆದಿದ್ದನಂತೆ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಶಬ್ದವು ಹೇಳಿದುದನ್ನು ಅವನು ನಂಬಿದನು. “ಎಲುಬಾಗಿದ್ದರೆ, ಅದು ನಿಮಿಷಕ್ಕೊಮ್ಮೆ ಕರಗಿ ಮತ್ತೆ ಹುಟ್ಟುವುದೇಕೆ?” ಎಂದು ಶಿಷ್ಯರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ತರುವಾಯ ಅವರ ಪ್ರಯೋಗಶಾಲೆಯಲ್ಲಿ ಕೆಲವು ದಿನ ಸೂಕ್ಷ್ಮದರ್ಶಕದ ಮುಂದೆ ಕುಳಿತು ನೋಡಿದುದನ್ನೂ, ಅವರಿಂದ ಕೇಳಿ ಗ್ರಂಥಗಳಿಂದ ತಿಳಿದುದನ್ನೂ ಈ ಲೇಖನದಲ್ಲಿ ನಿರೂಪಿಸಿರುವೆನು. ಇದರ ಉದ್ದೇಶವು ಎರಡು ಬಗೆಯದು. ಬೆಳೆಯುತ್ತಿರುವ ಜೀವಿಗಳ ಸೂಕ್ಷ್ಮನಾಳಗಳು ತಮ್ಮ ರೂಪವನ್ನು ಹೇಗೆ ಪಡೆಯುವುವೆಂಬುದನ್ನು ತಿಳಿಸುವುದು ಒಂದು. ಆ ತಿಳಿವಿನಿಂದ ನನ್ನ ಹಳೆಯ ಶಬ್ದವನ್ನು ಪರೀಕ್ಷಿಸುವುದು ಮತ್ತೊಂದು. ದೃಷ್ಟಾಂತಗಳನ್ನು ದೂರದಿಂದ ತರಬೇಕಾಗಿಲ್ಲ. ಹಾವೇರಿಯ ಹತ್ತಿ, ರಾಣೇಬೆನ್ನೂರಿನ ಬೀಜದ ತಾಕು, ಬ್ಯಾಡಗಿಯ ಮೆಣಸಿನ ಗಿಡ, ಈ ಮೂರರಲ್ಲಿಯೇ ವಿಷಯವೆಲ್ಲವೂ ಅಡಗಿರುವುದು.

೨

ಮೊದಲು ವಸ್ತುಸ್ವರೂಪವನ್ನು ಹೇಳಬೇಕು. ಜೀವಕೋಶವು ದ್ರವವು ತುಂಬಿದ ಬರಿಯ ಚೀಲವೆಂದು ಭಾವಿಸುವವರುಂಟು, ಹಾಗಲ್ಲ. ಅದರೊಳಗೆ ಪ್ರೋಟೀನುಗಳಿಂದಾದ ಅತಿಸೂಕ್ಷ್ಮವಾದ ಎಳೆಗಳು ಹರಡಿಕೊಂಡಿರುವುವು. ಪ್ರಕೃತಕ್ಕೆ ಬೇಕಾದವು ಎರಡು ಜಾತಿ. ಮೊದಲನೆಯದು ಆಕ್ಟಿನ್ ಎಂಬ ಪ್ರೋಟೀನಿನ ಎಳೆ; ಅದರ ದಪ್ಪವು ಸುಮಾರು ೭ ನ್ಯಾನೋಮೀಟರು. ಎರಡನೆಯದು ಸೂಕ್ಷ್ಮನಾಳಿಕೆ, ಅದರ ದಪ್ಪವು ಸುಮಾರು ೨೫ ನ್ಯಾನೋಮೀಟರು. ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಮಣಿಗಳು ಸಾಲುಗೂಡಿ, ಅಂತಹ ಸಾಲುಗಳು ಸಾಮಾನ್ಯವಾಗಿ ೧೩ ವರ್ತುಲವಾಗಿ ಸೇರಿದರೆ ಈ ಸೂಕ್ಷ್ಮನಾಳಿಕೆಯಾಗುವುದು. ನ್ಯಾನೋಮೀಟರೆಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಅಂಶ. ೪೦,೦೦೦ ಸೂಕ್ಷ್ಮನಾಳಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ಮಿಲಿಮೀಟರು ಅಗಲವಾದೀತು. ಪ್ರಾಣಿಗಳ ಕೋಶಗಳಲ್ಲಿ ಇವೆರಡರ ನಡುವಣ ದಪ್ಪವುಳ್ಳ ಮೂರನೆಯ ಜಾತಿಯೂ ಉಂಟು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಈ ಎಳೆಗಳ ಮುಖ್ಯಲಕ್ಷಣವು ಅಸ್ಥಿರತೆ. ೧೯೮೪ರಲ್ಲಿ ಟಿಮ್ ಮಿಚಿಸನ್, ಮಾರ್ಕ್ ಕಿರ್ಷ್ನರ್ ಎಂಬ ವಿದ್ವಾಂಸರು ತೋರಿಸಿಕೊಟ್ಟಂತೆ, ಸೂಕ್ಷ್ಮನಾಳಿಕೆಯು ಒಂದು ಕೊನೆಯಲ್ಲಿ ಮಣಿಗಳನ್ನು ಕೂಡಿಸಿಕೊಂಡು ಬೆಳೆಯುತ್ತಿರುವಾಗಲೇ ಒಮ್ಮೆಗೇ ಬಿಚ್ಚಿಕೊಂಡು ಕುಗ್ಗುವುದು; ಅನಂತರ ಮತ್ತೆ ಬೆಳೆಯುವುದು. ಪಕ್ಕದಲ್ಲಿರುವ ಇನ್ನೊಂದು ನಾಳಿಕೆಯು ಅದೇ ವೇಳೆಯಲ್ಲಿ ಬೆಳೆಯುತ್ತಿರಬಹುದು. ಹೀಗೆ ಕಟ್ಟುತ್ತ ಬಿಚ್ಚುತ್ತ ಇರುವುದರಿಂದಲೇ ಕೋಶವು ಬೇಕಾದ ಕಡೆಗೆ ಬೇಕಾದಂತೆ ಎಳೆಗಳನ್ನು ಹೂಡಿಕೊಳ್ಳಲು ಶಕ್ತವಾಗಿದೆ.

ಇನ್ನು ನಾಳದ ಪ್ರಶ್ನೆ. ಸಸ್ಯಕೋಶದೊಳಗೆ ನೀರಿನ ಒತ್ತಡವು ಬಲವಾಗಿರುವುದು. ದ್ರವದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹೊರಕ್ಕೆ ತಳ್ಳುವುದಾದ್ದರಿಂದ, ಗೋಡೆಯು ಎಲ್ಲೆಡೆಯೂ ಒಂದೇ ಬಗೆಯಾಗಿದ್ದರೆ ಕೋಶವು ಗುಂಡಾಗಿ ಉಬ್ಬಬೇಕು. ಉಬ್ಬದೆ ಅದು ಉದ್ದವಾದ ನಾಳವಾಗುವುದು ಹೇಗೆ? ಹಾವೇರಿಯ ಪೇಟೆಯಲ್ಲಿ ಹತ್ತಿಯನ್ನು ತುಂಬಿದ ಅಂಡಿಗೆಯನ್ನು ನೋಡಿದವರಿಗೆ ಉತ್ತರವು ಸುಲಭ. ಅಂಡಿಗೆಯ ಸುತ್ತಲೂ ಅಡ್ಡಲಾಗಿ ಹಗ್ಗವನ್ನು ಬಿಗಿದು ಒಳಗೆ ಹತ್ತಿಯನ್ನು ತುಳಿಯುತ್ತ ಹೋದರೆ, ಅದು ದಪ್ಪವಾಗಲಾರದೆ ಉದ್ದವಾಗುವುದು. ಸಸ್ಯಕೋಶದಲ್ಲಿ ಆ ಹಗ್ಗದ ಸ್ಥಾನದಲ್ಲಿರುವುದು ಗೋಡೆಯ ಸೆಲ್ಯುಲೋಸ್ ನಾರು. ಹಗ್ಗವನ್ನು ಅಡ್ಡಲಾಗಿಯೇ ಸುತ್ತಬೇಕೆಂದು ನಿಶ್ಚಯಿಸುವವರು ಯಾರೆಂಬುದು ಮುಂದಿನ ಪ್ರಶ್ನೆ.

೧೯೬೨ರಲ್ಲಿ ಪಾಲ್ ಗ್ರೀನ್ ಎಂಬವರು ನಿಟೆಲ್ಲ ಎಂಬ ನೀರ್ಗಿಡದ ನೀಳವಾದ ಕೋಶಗಳನ್ನು ಕಾಲ್ಚಿಸಿನ್ ಎಂಬ ವಿಷದ ದ್ರಾವಣದಲ್ಲಿ ಬೆಳೆಸಿದರು. ನೀಳವಾಗಿ ಬೆಳೆಯಬೇಕಾದ ಕೋಶಗಳು ಗುಂಡಗೆ ಉಬ್ಬಿದವು. ಕೋಶವು ಇಬ್ಭಾಗವಾಗುವ ಕಾಲದಲ್ಲಿ ಕಾಣುವ ಎಳೆಗಳನ್ನು ಈ ವಿಷವು ಕೆಡಿಸುವುದೆಂಬುದು ಆಗಲೇ ತಿಳಿದಿತ್ತು; ಆದುದರಿಂದ ಅಂತಹವೇ ಎಳೆಗಳು ಗೋಡೆಯ ಒಳಮಗ್ಗುಲಲ್ಲಿಯೂ ಇದ್ದು ನಾರಿನ ದಿಕ್ಕನ್ನು ಆಳುತ್ತಿರಬೇಕೆಂದು ಅವರು ಅನುಮಾನಿಸಿದರು. ಮರುವರ್ಷವೇ, ೧೯೬೩ರಲ್ಲಿ, ಲೆಡ್‌ಬೆಟರ್ ಮತ್ತು ಪೋರ್ಟರ್ ಎಂಬವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಸಸ್ಯಕೋಶದ ಅಂಚಿನಲ್ಲಿ ಸೂಕ್ಷ್ಮನಾಳಿಕೆಗಳನ್ನು ಪ್ರತ್ಯಕ್ಷವಾಗಿ ಕಂಡರು. ಅವು ನಾರಿನ ದಿಕ್ಕಿಗೆ ಸಮಾನಾಂತರವಾಗಿಯೇ ಇದ್ದುವು. ಅನುಮಾನವು ಮುಂದಾಗಿ ಪ್ರತ್ಯಕ್ಷವು ಅದನ್ನು ಅನುಸರಿಸಿದ ಈ ಪ್ರಸಂಗವು ಪ್ರಮಾಣಶಾಸ್ತ್ರವನ್ನು ಓದಿದವರಿಗೆ ಸಂತೋಷವನ್ನುಂಟುಮಾಡದೆ ಇರದು.

ಈ ಕಾಲ್ಚಿಸಿನ್ ನಮಗೆ ಅಪರಿಚಿತವಾದ ವಸ್ತುವಲ್ಲ. ಮಳೆಗಾಲದಲ್ಲಿ ಬೇಲಿಗಳ ಮೇಲೆ ಹಬ್ಬಿ, ಕೆಂಪು ಹಳದಿಯ ಜ್ವಾಲೆಗಳಂತೆ ಅರಳುವ ಗೌರಿಹೂವಿನ ಗಡ್ಡೆಯಲ್ಲಿಯೂ ಬೀಜದಲ್ಲಿಯೂ ಅದೇ ವಿಷವಿರುವುದು. ಆಯುರ್ವೇದವು ಈ ಬಳ್ಳಿಯನ್ನು ಲಾಂಗಲೀ ಎಂದು ಕರೆದು ಉಪವಿಷಗಳಲ್ಲಿ ಎಣಿಸಿದೆ. ಅದು ಮನುಷ್ಯನನ್ನು ಕೊಲ್ಲುವುದೂ ಕೋಶವನ್ನು ವಿರೂಪಗೊಳಿಸುವುದೂ ಒಂದೇ ಕಾರಣದಿಂದ: ಟ್ಯೂಬ್ಯುಲಿನ್ ಮಣಿಗಳಿಗೆ ಅಂಟಿಕೊಂಡು, ಅವು ನಾಳಿಕೆಯಾಗಿ ಕೂಡದಂತೆ ತಡೆಯುವುದು.

ಕಡೆಯ ಕೊಂಡಿಯು ೨೦೦೬ರಲ್ಲಿ ದೊರೆಯಿತು. ಪರೇಡೆಜ್, ಸೋಮರ್ವಿಲ್, ಎರ್‌ಹಾರ್ಟ್ ಎಂಬ ಮೂವರು, ಸೆಲ್ಯುಲೋಸನ್ನು ನೂಲುವ ಪ್ರೋಟೀನಿಗೂ ಸೂಕ್ಷ್ಮನಾಳಿಕೆಗಳಿಗೂ ಬೇರೆ ಬೇರೆ ಬಣ್ಣದ ಬೆಳಕನ್ನು ಕೊಟ್ಟು, ಜೀವಂತಕೋಶದಲ್ಲಿ ಎರಡನ್ನೂ ಏಕಕಾಲದಲ್ಲಿ ನೋಡಿದರು. ನೂಲುವ ಯಂತ್ರವು ಕೋಶದ ಪೊರೆಯಲ್ಲಿದ್ದುಕೊಂಡು, ಅದರ ಕೆಳಗಣ ಸೂಕ್ಷ್ಮನಾಳಿಕೆಯ ಜಾಡನ್ನೇ ಹಿಡಿದು ಸಾಗುತ್ತ, ಹೊರಮಗ್ಗುಲಿಗೆ ನಾರನ್ನು ಬಿಡುತ್ತ ಹೋಗುವುದೆಂದು ಕಂಡುಬಂದಿತು. ಒಳಗಿನ ಎಳೆಯು ಇರುವ ದಿಕ್ಕಿಗೆ ಹೊರಗಿನ ನಾರು. ನಾರಿನ ದಿಕ್ಕಿಗನುಗುಣವಾಗಿ ನಾಳದ ರೂಪ.

೩

ಈ ಸಾಮಾನ್ಯತತ್ತ್ವವನ್ನು ಮೊದಲು ಹತ್ತಿಯಲ್ಲಿ ನೋಡೋಣ. ಹಾವೇರಿಯ ಸುತ್ತಲಿನ ಎರೆಭೂಮಿಯಲ್ಲಿ ಹತ್ತಿಯು ಬಹುಕಾಲದ ಬೆಳೆ. ನೆರೆಯ ಧಾರವಾಡದ ಕೃಷಿಸಂಶೋಧನೆಯ ಹೆಸರೂ ಹತ್ತಿಯೊಂದಿಗೆ ಹೆಣೆದುಕೊಂಡಿದೆ. ಎರಡು ಭಿನ್ನಜಾತಿಗಳ ಸಂಕರದಿಂದ ಹುಟ್ಟಿದ ‘ವರಲಕ್ಷ್ಮಿ’ ಎಂಬ ಉದ್ದೆಳೆಯ ಹತ್ತಿಯನ್ನು ೧೯೭೨ರಲ್ಲಿ ಅಲ್ಲಿಯೇ ಬಿ. ಎಚ್. ಕಟರಕಿಯವರು ಸಿದ್ಧಪಡಿಸಿದರು.

ನಾವು ನೂಲೆಂದು ತಿಳಿದಿರುವ ಹತ್ತಿಯ ಒಂದೊಂದು ಎಳೆಯೂ ವಾಸ್ತವವಾಗಿ ಒಂದೊಂದು ನಾಳ; ಅದರಲ್ಲಿಯೂ ಒಂದೇ ಕೋಶದಿಂದಾದ ನಾಳ. ಹೂವು ಅರಳುವ ದಿನದ ಆಸುಪಾಸಿನಲ್ಲಿ, ಮುಂದೆ ಬೀಜವಾಗಬೇಕಾದ ಅಂಡಕದ ಮೇಲ್ಮೈಯ ಕೆಲವು ಕೋಶಗಳು ಸಣ್ಣ ಗುಳ್ಳೆಗಳಂತೆ ಹೊರಕ್ಕೆ ಏಳುವುವು. ಅನಂತರ ಸುಮಾರು ಮೂರು ವಾರಗಳ ಕಾಲ ಇಬ್ಭಾಗವಾಗದೆ ಬರಿದೆ ನೀಳವಾಗುತ್ತ ಹೋಗುವುವು. ಎಳೆಯ ದಪ್ಪವು ಮಿಲಿಮೀಟರಿನ ಸುಮಾರು ಐವತ್ತನೆಯ ಒಂದು ಅಂಶ. ಉದ್ದವು ಒಳ್ಳೆಯ ತಳಿಯಲ್ಲಿ ೩ ಸೆಂಟಿಮೀಟರು. ಅಗಲಕ್ಕಿಂತ ಉದ್ದವು ಸಾವಿರದೈನೂರು ಪಟ್ಟು ಹೆಚ್ಚಾಗಿರುವ ಇಂತಹ ಕೋಶಗಳು ಜೀವಲೋಕದಲ್ಲಿ ವಿರಳ.

ಈ ಮೂರು ವಾರಗಳಲ್ಲಿ ಸೂಕ್ಷ್ಮನಾಳಿಕೆಗಳು ನಾಳದ ಉದ್ದಕ್ಕೆ ಅಡ್ಡವಾಗಿ, ಬಳೆಗಳ ಸಾಲಿನಂತೆ ಇರುವುವು. ಸೆಲ್ಯುಲೋಸ್ ನಾರೂ ಹಾಗೆಯೇ ಅಡ್ಡಬೀಳುವುದು. ಅಂಡಿಗೆಯ ನ್ಯಾಯದಂತೆ ನಾಳವು ದಪ್ಪವಾಗದೆ ಉದ್ದವಾಗುವುದು. ಬೆಳವಣಿಗೆಯು ಮುಗಿಯುವ ಸಮಯಕ್ಕೆ ಸೂಕ್ಷ್ಮನಾಳಿಕೆಗಳು ತಮ್ಮ ದಿಕ್ಕನ್ನು ಬದಲಾಯಿಸಿ, ಉದ್ದಕ್ಕೆ ಓರೆಯಾದ ಸುರುಳಿಗಳಾಗುವುವು. ಆಮೇಲೆ ಗೋಡೆಯ ಒಳಗಡೆ ಪದರಪದರವಾಗಿ ಬೀಳುವ ಸೆಲ್ಯುಲೋಸೂ ಸುರುಳಿಯಾಗಿಯೇ ಬೀಳುವುದು. ಈ ಸುರುಳಿಯು ಅಲ್ಲಲ್ಲಿ ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ತಿರುಗುವುದೂ ಉಂಟು. ಕಾಯಿ ಒಡೆದು ಹತ್ತಿಯು ಒಣಗಿದಾಗ ಒಳಗಿನ ಜೀವದ್ರವವು ಬತ್ತಿ, ನಾಳವು ಚಪ್ಪಟೆಯಾಗಿ ನುಲಿದುಕೊಳ್ಳುವುದು. ಆ ನುಲಿವು ದಿಕ್ಕು ಬದಲಾಯಿಸುವ ತಾಣಗಳು ಹಿಂದೆ ಸುರುಳಿಯು ತಿರುಗಿದ್ದ ತಾಣಗಳಿಗೆ ಸಂಬಂಧಿಸಿದವು. ಹತ್ತಿಯ ಎಳೆಗಳು ಒಂದನ್ನೊಂದು ಹಿಡಿದುಕೊಂಡು ನೂಲಾಗಲು ಈ ನುಲಿವೇ ಸಹಾಯ. ಹೀಗಾಗಿ ನಾವು ಉಡುವ ಬಟ್ಟೆಯ ನೂಲಿನಲ್ಲಿ, ಎಂದೋ ಕರಗಿಹೋದ ಸೂಕ್ಷ್ಮನಾಳಿಕೆಗಳ ವಿನ್ಯಾಸವು ಗುರುತಾಗಿ ಉಳಿದಿರುವುದೆಂದು ಹೇಳಬಹುದು.

೪

ಹಾವೇರಿಯಿಂದ ದಕ್ಷಿಣಕ್ಕೆ ರಾಣೇಬೆನ್ನೂರು. ಈ ಸೀಮೆಯಲ್ಲಿ ಹತ್ತಿ, ಟೊಮೆಟೊ, ಮೆಣಸಿನಕಾಯಿ ಮುಂತಾದುವುಗಳ ಸಂಕರಬೀಜವನ್ನು ಕೈಯಿಂದಲೇ ಸಿದ್ಧಪಡಿಸುವುದು ದೊಡ್ಡ ಉದ್ಯೋಗ. ಹತ್ತಿಯ ತಾಕಿನಲ್ಲಿ ಸಾಯಂಕಾಲ, ನಾಳೆ ಅರಳಲಿರುವ ಮೊಗ್ಗನ್ನು ಗುರುತಿಸಿ ಅದರ ಕೇಸರಗಳನ್ನು ಬಿಡಿಸಿ ತೆಗೆಯುವರು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗವನ್ನು ತಂದು ಶಲಾಕಾಗ್ರಕ್ಕೆ ಸವರುವರು. ಈ ಕೆಲಸವನ್ನು ಬಹುಮಟ್ಟಿಗೆ ಹೆಂಗಸರೇ ಮಾಡುವರು. ಅವರ ಕೈಕೆಲಸವು ಮುಗಿದ ಕ್ಷಣದಿಂದ ಎರಡನೆಯ ಬಗೆಯ ಸೂಕ್ಷ್ಮನಾಳದ ಕೆಲಸವು ಮೊದಲಾಗುವುದು. ಅದರ ಹೆಸರು ಪರಾಗನಾಳ.

ಶಲಾಕಾಗ್ರದ ಮೇಲೆ ಬಿದ್ದ ಪರಾಗಕಣವು ನೀರನ್ನು ಹೀರಿ, ಒಂದು ಕಡೆಯಲ್ಲಿ ಮೊಳೆತು, ನಾಳವಾಗಿ ಶಲಾಕೆಯೊಳಗೆ ಇಳಿಯುವುದು. ತಮಗೆ ಚಲಿಸುವ ಶಕ್ತಿಯಿಲ್ಲದ ಎರಡು ಪುಂಬೀಜಕೋಶಗಳನ್ನು ಅದು ಅಂಡಕದವರೆಗೆ ಹೊತ್ತುಕೊಂಡು ಹೋಗಬೇಕು. ಒಂದೊಂದು ಬೀಜಕ್ಕೂ ಒಂದೊಂದು ನಾಳವು ತಲಪಬೇಕು. ತಲಪದ ಅಂಡಕವು ಬೀಜವಾಗುವುದಿಲ್ಲ. ಇಟಲಿಯ ಅಮಿಚಿ ಎಂಬವನು ೧೮೨೪ರಲ್ಲಿ ಈ ನಾಳವನ್ನು ಮೊದಲು ಕಂಡವನು. ಜೋಳದ ವರ್ಗಕ್ಕೇ ಸೇರಿದ ಗೋವಿನಜೋಳದಲ್ಲಿ ಅದು ತೆನೆಯ ನೂಲಿನೊಳಗೆ ಮೂವತ್ತು ಸೆಂಟಿಮೀಟರುಗಳಷ್ಟು ದೂರವನ್ನು ಸಾಗಬಲ್ಲುದು; ವೇಗವು ಗಂಟೆಗೆ ಒಂದು ಸೆಂಟಿಮೀಟರನ್ನು ಮುಟ್ಟಬಹುದು.

ಹತ್ತಿಯ ಎಳೆಗಿಂತ ಇದರ ಕ್ರಮವು ಬೇರೆ. ಪರಾಗನಾಳವು ಉದ್ದಕ್ಕೂ ಹಿಗ್ಗುವುದಿಲ್ಲ. ಅದರ ತುದಿ ಮಾತ್ರ ಬೆಳೆಯುವುದು. ಇಲ್ಲಿ ಮುಖ್ಯವಾದ ಎಳೆಯು ಆಕ್ಟಿನ್. ಆಕ್ಟಿನ್ ಹುರಿಗಳು ನಾಳದ ಉದ್ದಕ್ಕೆ ಹರಿದಿರುವುವು. ಗೋಡೆಗೆ ಬೇಕಾದ ದ್ರವ್ಯವನ್ನು ತುಂಬಿಕೊಂಡ ಪುಟ್ಟ ಕೋಶಿಕೆಗಳನ್ನು ಬೇರೊಂದು ಪ್ರೋಟೀನು ಈ ಹುರಿಗಳ ಮೇಲೆ ಎಳೆದುಕೊಂಡು ಹೋಗುವುದು. ತುದಿಗೆ ಸ್ವಲ್ಪ ಹಿಂದೆ ಸಣ್ಣ ಆಕ್ಟಿನ್ ಎಳೆಗಳು ಕುಚ್ಚಿನಂತೆ ಒತ್ತಾಗಿ ಸೇರಿ, ಕೋಶಿಕೆಗಳನ್ನು ತುದಿಯ ಕಡೆಗೆ ತಿರುಗಿಸುವುವು. ಅಲ್ಲಿ ಅವು ಒಡೆದು ತಮ್ಮ ದ್ರವ್ಯವನ್ನು ಗೋಡೆಗೆ ಸೇರಿಸುವುವು. ತುದಿಯ ಗೋಡೆಯು ಮೆತ್ತಗಿದ್ದು ಒತ್ತಡಕ್ಕೆ ಸಡಿಲುವುದು. ಹಿಂದೆ ಉಳಿದ ಗೋಡೆಯು ಬಿಗಿಯುವುದು. ಮೆತ್ತನೆಯ ತುದಿಯು ಮುಂದೆ ಮುಂದೆ ಹೋದಂತೆ ಹಿಂದೆ ನಾಳವು ಸಿದ್ಧವಾಗುತ್ತ ಬರುವುದು.

ಇದರಲ್ಲಿ ಒಂದು ಸೂಕ್ಷ್ಮವುಂಟು. ಹೂಬಿಡುವ ಸಸ್ಯಗಳ ಪರಾಗನಾಳಕ್ಕೆ ಕಾಲ್ಚಿಸಿನ್‌ನಂತಹ, ಸೂಕ್ಷ್ಮನಾಳಿಕೆಗಳನ್ನು ಕೆಡಿಸುವ ವಿಷವನ್ನು ಕೊಟ್ಟರೂ ಅದು ಸಾಮಾನ್ಯವಾಗಿ ಬೆಳೆಯುತ್ತಲೇ ಇರುವುದು; ಆಕ್ಟಿನನ್ನು ಕೆಡಿಸುವ ವಿಷವನ್ನು ಅತ್ಯಲ್ಪಪ್ರಮಾಣದಲ್ಲಿ ಕೊಟ್ಟರೂ ಬೆಳವಣಿಗೆಯು ನಿಲ್ಲುವುದು. ಆ ಅಲ್ಪಪ್ರಮಾಣದಲ್ಲಿ ನಾಳದೊಳಗಿನ ಹರಿವು ಮಾತ್ರ ಮುಂದುವರಿಯುವುದು. ಅಂದರೆ ಸರಕು ಸಾಗುತ್ತಿದ್ದರೂ, ಎಳೆಗಳು ಹೊಸದಾಗಿ ಕಟ್ಟಿಕೊಳ್ಳದಿದ್ದರೆ ನಾಳವು ಬೆಳೆಯದೆಂದು ಸಿದ್ಧವಾಯಿತು. ಇದ್ದ ಎಳೆಗಳು ಸಾಲವು, ಎಳೆಗಳು ಆಗುತ್ತಿರಬೇಕು.

ಸಕ್ಕರೆಯನ್ನೂ ಸ್ವಲ್ಪ ಬೋರಿಕ್ ಆಮ್ಲವನ್ನೂ ಕೂಡಿಸಿದ ನೀರಹನಿಯಲ್ಲಿ ಮೆಣಸಿನ ಹೂವಿನ ಪರಾಗವನ್ನು ಹಾಕಿ, ಶಿಷ್ಯರು ನನಗೆ ಇದನ್ನು ತೋರಿಸಿದರು. ಎರಡು ಗಂಟೆಗಳೊಳಗೆ ಕಣಗಳಿಂದ ನಾಳಗಳು ಹೊರಟಿದ್ದುವು. ಅವುಗಳೊಳಗೆ ಸಣ್ಣ ಹರಳುಗಳಂತಹ ಕಣಗಳು ಅಂಚಿನಗುಂಟ ಮುಂದಕ್ಕೆ ಹರಿದು, ತುದಿಯ ಹತ್ತಿರ ತಿರುಗಿ, ನಡುವಿನಿಂದ ಹಿಂದಕ್ಕೆ ಬರುತ್ತಿದ್ದುವು. ಎಳೆಯು ಕಾಣಿಸಲಿಲ್ಲ, ಅದು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಗೋಚರವಲ್ಲ. ಆದರೆ ಅದರ ಮೇಲಣ ಸಂಚಾರವು ಕಂಡಿತು. ನಾನು ಎಲುಬೆಂದು ಕರೆದಿದ್ದ ವಸ್ತುವು ಇದೇ ಎಂದು ತಿಳಿದಾಗ ಮನಸ್ಸಿಗೆ ನಾಚಿಕೆಯೇ ಆಯಿತು.

೫

ಹಿಂದಿರುಗಿ ಬರುವ ದಾರಿಯಲ್ಲಿ ಬ್ಯಾಡಗಿ. ೨೦೧೧ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಇಲ್ಲಿಯ ಮೆಣಸಿನಕಾಯಿಯು ಬಣ್ಣಕ್ಕೆ ಹೆಸರಾದುದು, ಖಾರವು ಕಡಮೆ. ಪೇಟೆಯಲ್ಲಿ ಅದಕ್ಕೆ ಎರಡು ಹೆಸರು: ನೀಳವಾಗಿ, ಸುಕ್ಕುಸುಕ್ಕಾಗಿ, ಬೀಜ ಕಡಮೆಯಿರುವುದು ಕಡ್ಡಿ, ಗಿಡ್ಡವಾಗಿ ಉಬ್ಬಿದುದು ಡಬ್ಬಿ. ಈ ಗಿಡವು ದಕ್ಷಿಣ ಅಮೆರಿಕದಿಂದ ಬಂದುದೆಂಬುದನ್ನು ಬಿ. ಜಿ. ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ವನ್ನು ಓದಿದ ವಾಚಕರಿಗೆ ಹೇಳಬೇಕಾಗಿಲ್ಲ. ಕಾಯಿಯ ನೀಳತೆ, ಗುಂಡುತನಗಳಿಗೂ ನಮ್ಮ ವಿಷಯಕ್ಕೂ ಸಂಬಂಧವುಂಟು: ಮೆಣಸಿನ ಸಜಾತಿಯಾದ ಟೊಮೆಟೊವಿನಲ್ಲಿ ಕಾಯಿಯ ಆಕಾರವನ್ನು ನಿಯಮಿಸುವ ಪ್ರೋಟೀನುಗಳ ಒಂದು ಜೋಡಿಯು ೨೦೧೮ರಲ್ಲಿ ವಿವರಿಸಲ್ಪಟ್ಟಿತು, ಆ ಜೋಡಿಯಲ್ಲಿ ಒಂದು ಕುಟುಂಬವು ಸೂಕ್ಷ್ಮನಾಳಿಕೆಗಳ ವಿನ್ಯಾಸಕ್ಕೆ ಸಂಬಂಧಪಟ್ಟುದು.

ಆದರೆ ಇಲ್ಲಿ ಹೇಳಬೇಕಾದ ನಾಳವು ಕಾಯಿಯದಲ್ಲ, ಗಿಡದ ಕಾಂಡದ್ದು. ಬೇರು ಹೀರಿದ ನೀರನ್ನು ಮೇಲಕ್ಕೆ ಒಯ್ಯುವ ನಳಿಕೆಗಳು ಕಾಂಡದಲ್ಲಿ ಸಾಲುಸಾಲಾಗಿರುವುವು. ಎಳೆಯ ಮೆಣಸಿನ ಗಿಡದ ಕಾಂಡವನ್ನು ಉದ್ದುದ್ದವಾಗಿ ತೆಳ್ಳಗೆ ಸೀಳಿ ನೋಡಿದರೆ, ಮೊದಲು ಹುಟ್ಟಿದ ನಳಿಕೆಗಳ ಒಳಗೋಡೆಯಲ್ಲಿ ಬಳೆಗಳೂ ತಿರುಪಿನಂತಹ ಸುರುಳಿಗಳೂ ಸ್ಪಷ್ಟವಾಗಿ ಕಾಣುವುವು. ನೀರು ಮೇಲಕ್ಕೆ ಸೆಳೆಯಲ್ಪಡುವಾಗ ನಳಿಕೆಯ ಗೋಡೆಯು ಒಳಕ್ಕೆ ಕುಸಿಯಲು ತೊಡಗುವುದು. ಬಳೆಗಳು ಅದನ್ನು ತಡೆಯುವುವು. ನಳಿಕೆಯು ಕಾಂಡದೊಡನೆ ಉದ್ದವಾಗಬೇಕಾದಾಗ ಬಳೆಗಳ ನಡುವಣ ತೆಳುಗೋಡೆಯು ಹಿಗ್ಗಿಕೊಡುವುದು.

ಈ ಬಳೆಗಳ ಉತ್ಪತ್ತಿಯು ಹೀಗೆ. ನಳಿಕೆಯಾಗಬೇಕಾದ ಕೋಶದಲ್ಲಿ ಮೊದಲು ಸೂಕ್ಷ್ಮನಾಳಿಕೆಗಳು ಎಲ್ಲೆಡೆಯೂ ಹರಡಿರುವುವು. ಬಳಿಕ ಅವು ಕಟ್ಟುಕಟ್ಟಾಗಿ ಸೇರಿಕೊಂಡು, ನಿಯತವಾದ ಅಂತರಗಳಲ್ಲಿ ಬಳೆಗಳಂತೆ ನಿಲ್ಲುವುವು. ಕಟ್ಟುಗಳಿರುವ ಕಡೆಯಲ್ಲಿಯೇ ಹೊರಗೋಡೆಗೆ ಸೆಲ್ಯುಲೋಸ್ ಬೀಳುವುದು. ಅನಂತರ ಲಿಗ್ನಿನ್ ಎಂಬ ದ್ರವ್ಯವು ಸೇರಿ ಗಟ್ಟಿಯಾಗುವುದು. ತಡವಾಗಿ ಹುಟ್ಟುವ ನಳಿಕೆಗಳಲ್ಲಿ ಗೋಡೆಯು ಬಹುಭಾಗ ದಪ್ಪವಾಗಿ, ಅಲ್ಲಲ್ಲಿ ಚಿಕ್ಕ ಕುಳಿಗಳು ಮಾತ್ರ ತೆಳುವಾಗಿ ಉಳಿಯುವುವು. ಜಪಾನಿನ ಯೊಷಿಹಿಸ ಓದ, ಹಿರೋ ಫುಕುದ ಎಂಬವರು ೨೦೧೨ರಲ್ಲಿ ಇದರ ಬಗೆಯನ್ನು ವಿವರಿಸಿದರು: ಪೊರೆಯ ಮೇಲೆ ಒಂದು ಪ್ರೋಟೀನು ಅಲ್ಲಲ್ಲಿ ಚುಕ್ಕೆಗಳಾಗಿ ಕೂಡಿ, ಆಯಾ ಚುಕ್ಕೆಯ ಸುತ್ತಿನಿಂದ ಸೂಕ್ಷ್ಮನಾಳಿಕೆಗಳನ್ನು ಓಡಿಸುವುದು, ನಾಳಿಕೆಗಳು ಪ್ರತಿಯಾಗಿ ಚುಕ್ಕೆಯು ಮೇರೆಮೀರದಂತೆ ತಡೆಯುವುವು. ಎಳೆಗಳಿಲ್ಲದ ಆ ಚುಕ್ಕೆಯೇ ಕುಳಿ.

ಕಡೆಯ ಘಟ್ಟವು ಅತ್ಯಂತ ವಿಚಾರಾರ್ಹವಾದುದು. ಬಳೆಗಳು ಸಿದ್ಧವಾದಮೇಲೆ ಕೋಶವು ತನ್ನೊಳಗಿನದನ್ನೆಲ್ಲ ತಾನೇ ಕರಗಿಸಿಕೊಂಡು ಸಾಯುವುದು. ಎಳೆಗಳೂ ಕರಗುವುವು. ಕೋಶಕೋಶಗಳ ನಡುವಣ ಅಡ್ಡಗೋಡೆಯು ತೆರೆದುಕೊಂಡು ಸಾಲೆಲ್ಲ ಒಂದೇ ನಳಿಕೆಯಾಗುವುದು. ಈ ಅಡ್ಡಗೋಡೆಯ ವಿಷಯದಲ್ಲಿ ಸ್ವಾಮಿಯವರನ್ನು ಮತ್ತೊಮ್ಮೆ ಸ್ಮರಿಸಬೇಕು. ಕನ್ನಡಿಗರು ಅವರನ್ನು ‘ಹಸುರು ಹೊನ್ನಿ’ನ ಕರ್ತೃವೆಂದು ಬಲ್ಲರು, ಸಸ್ಯಶಾಸ್ತ್ರಜ್ಞರು ಅವರನ್ನು ಸಸ್ಯಾಂಗರಚನೆಯ ಪಂಡಿತರೆಂದು ಬಲ್ಲರು. ಅಮೆರಿಕದ ಐ. ಡಬ್ಲ್ಯು. ಬೈಲಿಯವರೊಡನೆ ಅವರು ೧೯೫೦ರಲ್ಲಿ ಸಾರ್ಕಾಂಡ್ರ ಎಂಬ ಸಸ್ಯಕುಲವು ನಳಿಕೆಗಳಿಲ್ಲದುದೆಂದು ನಿರೂಪಿಸಿದರು. ೧೯೮೭ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬವರು ಅದೇ ಕುಲದಲ್ಲಿ ನಳಿಕೆಗಳನ್ನು ಗುರುತಿಸಿದರು. ನಳಿಕೆಯೆಂದು ಹೇಳಬೇಕೋ ಬೇಡವೋ ಎಂಬ ತೀರ್ಪು ಅಡ್ಡಗೋಡೆಯ ತೆಳುಪೊರೆಯು ಕರಗಿತೋ ಇಲ್ಲವೋ ಎಂಬಷ್ಟರ ಮೇಲೆ ನಿಂತಿರುವುದಾದ್ದರಿಂದ, ಇಂತಹ ವಿವಾದಗಳು ಸಹಜವೇ ಸರಿ.

ಈ ಸುರುಳಿನಳಿಕೆಗಳನ್ನು ವಿವರವಾಗಿ ವರ್ಣಿಸಿದ ಹಳಬರಲ್ಲಿ ಇಟಲಿಯ ಮಾಲ್ಪಿಗಿಯು ಮುಖ್ಯನು. ಅವನು ೧೬೬೯ರಲ್ಲಿ ರೇಷ್ಮೆಹುಳುವಿನ ದೇಹರಚನೆಯನ್ನು ಕುರಿತು ಬರೆದಾಗ, ಹುಳುವಿನ ಉಸಿರ್ನಾಳಗಳಲ್ಲಿ ಸುರುಳಿಯಾದ ಏಣುಗಳನ್ನು ಕಂಡಿದ್ದನು. ೧೬೭೫ರಲ್ಲಿ ಅವನ ಸಸ್ಯರಚನೆಯ ಗ್ರಂಥವು ಹೊರಬಂದಿತು. ಸಸ್ಯದ ಸುರುಳಿನಳಿಕೆಗಳು ಹುಳುವಿನ ಉಸಿರ್ನಾಳಗಳನ್ನು ಹೋಲುವುದರಿಂದ ಅವನು ಅವುಗಳಿಗೆ ಆ ಹೆಸರನ್ನೇ ಇಟ್ಟನು. ಸಸ್ಯವು ಅವುಗಳಿಂದ ಉಸಿರಾಡುವುದಿಲ್ಲವೆಂದು ಮುಂದೆ ತಿಳಿಯಿತಾದ್ದರಿಂದ ಅವನು ಭ್ರಮಿಸಿದನೆಂದು ಹೇಳುವುದುಂಟು. ರೂಪದ ವಿಷಯದಲ್ಲಿ ಅವನದು ಭ್ರಮೆಯಾಗಿರಲಿಲ್ಲ. ಹಣ್ಣುನೊಣದ ಭ್ರೂಣದಲ್ಲಿ ಈಚೆಗೆ ಕಂಡುಕೊಂಡಂತೆ, ಕೀಟದ ಉಸಿರ್ನಾಳದ ಏಣುಗಳು ಮೂಡುವ ಮೊದಲೇ, ನಾಳದ ಸುತ್ತಣ ಕೋಶಗಳ ಒಳಮೈಯಲ್ಲಿ ಆಕ್ಟಿನ್ ಎಳೆಗಳು ಬಳೆಗಳಾಗಿ ನಿಲ್ಲುವುವು. ಬಳೆಗಳ ಸಾಲಿಗನುಗುಣವಾಗಿ ಕೈಟಿನ್ ಎಂಬ ಗಡುಸುದ್ರವ್ಯದ ಏಣುಗಳು ಏಳುವುವು. ಆಕ್ಟಿನ್ ಎಳೆಗಳನ್ನು ಅಣಿಗೊಳಿಸುವ ಒಂದು ಪ್ರೋಟೀನು ಕೆಟ್ಟರೆ ಏಣುಗಳೂ ಅಸ್ತವ್ಯಸ್ತವಾಗುವುವೆಂದು ೨೦೦೬ರಲ್ಲಿ ತಿಳಿದುಬಂದಿತು. ಗಿಡದಲ್ಲಿ ಬಳೆಯನ್ನು ಹೂಡುವುದು ಸೂಕ್ಷ್ಮನಾಳಿಕೆ, ಹುಳುವಿನಲ್ಲಿ ಆಕ್ಟಿನ್; ಗೋಡೆಯು ಅಲ್ಲಿ ಸೆಲ್ಯುಲೋಸಿನದು, ಇಲ್ಲಿ ಕೈಟಿನ್ನಿನದು. ದ್ರವ್ಯವೆಲ್ಲವೂ ಬೇರೆ; ಕ್ರಮವು ಒಂದೇ. ಮುನ್ನೂರು ವರ್ಷಗಳ ಹಿಂದೆ ಕಣ್ಣಿಗೆ ಕಂಡ ಸಾದೃಶ್ಯಕ್ಕೆ ಕಾರಣವು ಹೀಗೆ ದೊರೆಯಿತು.

ಮನುಷ್ಯದೇಹವೂ ಈ ಕ್ರಮಕ್ಕೆ ಹೊರತಲ್ಲ. ಗರ್ಭದಲ್ಲಿ ಸುಮಾರು ನಾಲ್ಕನೆಯ ವಾರದ ಕೊನೆಗೆ ಮುಚ್ಚಿಕೊಳ್ಳುವ ನರನಾಳವು ಮೊದಲು ಕೋಶಗಳ ಒಂದು ಹಾಳೆಯಾಗಿರುವುದು. ಆ ಕೋಶಗಳ ಒಂದು ತುದಿಯಲ್ಲಿ ಆಕ್ಟಿನ್ ಎಳೆಗಳು ಹಮ್ಮಿಣಿಯ ದಾರದಂತೆ ಬಿಗಿದುಕೊಳ್ಳುವುದು, ಹಾಳೆಯು ಮಡಿಸಿ ನಾಳವಾಗಲು ಒಂದು ಮುಖ್ಯಸಾಧನ.

೬

ಇನ್ನು ಶಬ್ದಪರೀಕ್ಷೆ. ‘ಅಸ್ಥಿ’ ಎಂದೊಡನೆ ಮೂರು ಧರ್ಮಗಳು ತೋರುವುವು: ಕಾಠಿಣ್ಯ, ಚಿರಸ್ಥಾಯಿತ್ವ, ಭಾರವನ್ನು ಹೊರುವಿಕೆ. ಮೊದಲಿನವೆರಡು ಈ ಎಳೆಗಳ ಸ್ವಭಾವಕ್ಕೆ ಒಗ್ಗವಾದುದರಿಂದ ಅಸಂಭವ. ಮೂರನೆಯದು ಕೆಲವು ಕೋಶಗಳಲ್ಲಿ ಮಾತ್ರ ಮುಖ್ಯವಾಗಿರುವುದರಿಂದ ಅವ್ಯಾಪ್ತಿ. ಗಟ್ಟಿಯಾಗಿ, ಸತ್ತಮೇಲೂ ಉಳಿಯುವ ಸಸ್ಯಕೋಶದ ಗೋಡೆಗೆ ಮೂರೂ ಸಲ್ಲುವುದರಿಂದ ಅತಿವ್ಯಾಪ್ತಿ. ಲಕ್ಷಣದ ದೋಷಗಳು ಮೂರೂ ಒಂದೇ ಶಬ್ದದಲ್ಲಿ ಕೂಡಿರುವುವು. ದೇಹವು ಅಳಿದಮೇಲೆ ಉಳಿಯುವುದು ಅಸ್ಥಿ. ಈ ಎಳೆಗಳಾದರೋ ಕೋಶದೊಡನೆಯೇ ಅಳಿಯುವುವು. ಮೂಲದ ಗ್ರೀಕ್ ಶಬ್ದವೂ ಮೇಲಲ್ಲ. ‘ಸ್ಕೆಲೆಟೋಸ್’ ಎಂದರೆ ಒಣಗಿದುದು. ಪರಭಾಷೆಯ ದೋಷವನ್ನು ನಾನು ಶುದ್ಧಸಮಾಸದಲ್ಲಿ ಕನ್ನಡಕ್ಕೆ ತಂದಿದ್ದೆನು.

ತಾರ್ಕಿಕರ ಕಾರಣವಿಭಾಗದಿಂದ ವಿಷಯವು ಇನ್ನೂ ಸ್ಪಷ್ಟವಾಗುವುದು. ಬಟ್ಟೆಗೆ ನೂಲುಗಳು ಸಮವಾಯಿಕಾರಣ, ನೂಲುಗಳ ಸಂಯೋಗವು ಅಸಮವಾಯಿಕಾರಣ, ಲಾಳಿ ಮೊದಲಾದುವು ನಿಮಿತ್ತಕಾರಣ. ಸಸ್ಯನಾಳಕ್ಕೆ ಸೆಲ್ಯುಲೋಸ್ ನಾರು ಸಮವಾಯಿಕಾರಣ, ಆ ನಾರಿನ ವಿನ್ಯಾಸವು ಅಸಮವಾಯಿಕಾರಣ; ಕೋಶದೊಳಗಿನ ಎಳೆಗಳು ಆ ವಿನ್ಯಾಸವನ್ನು ನಿಯಮಿಸುವ ನಿಮಿತ್ತಕಾರಣ. ಲಾಳಿಯು ಬಟ್ಟೆಯಲ್ಲಿ ಉಳಿಯುವುದಿಲ್ಲ. ನಿಮಿತ್ತಗಳು ಇನ್ನೂ ಹಲವುಂಟು. ಒಳಗಣ ಒತ್ತಡವಿಲ್ಲದೆ, ವಂಶವಾಹಿಗಳ ಆಜ್ಞೆಯಿಲ್ಲದೆ ಎಳೆಗಳು ಮಾತ್ರ ಏನನ್ನೂ ಮಾಡಲಾರವು. ರೂಪಕ್ಕೆ ಅವು ಹತ್ತಿರದ ಕಾರಣವೆಂಬಷ್ಟೇ ಇಲ್ಲಿಯ ಪ್ರತಿಜ್ಞೆ.

ಆದುದರಿಂದ ‘ಕೋಶಸೂತ್ರ’ವೆಂಬ ಶಬ್ದವನ್ನು ಸೂಚಿಸುವೆನು. ಸೂತ್ರವೆಂದರೆ ನೂಲೆಂಬ ಅರ್ಥವು ಎಲ್ಲರಿಗೂ ಗೊತ್ತಿರುವುದು. ಧಾತುಪಾಠವು ಸೂತ್ರಧಾತುವಿಗೆ ಸುತ್ತುವಿಕೆಯೆಂಬ ಅರ್ಥವನ್ನೂ ಹೇಳಿರುವುದು. ಇದಕ್ಕಿಂತ ಮುಖ್ಯವಾದುದು ಶಿಲ್ಪಶಾಸ್ತ್ರದ ಅರ್ಥ. ಶಿಲ್ಪಿಗಳ ನಾಲ್ಕು ವರ್ಗಗಳಲ್ಲಿ ಸ್ಥಪತಿಯ ತರುವಾಯ ಬರುವವನು ಸೂತ್ರಗ್ರಾಹಿ; ಅಳತೆಯ ದಾರವನ್ನು ಹಿಡಿದು ಕಲ್ಲಿನ ಮೇಲೆ ಗೆರೆಯನ್ನು ನಿಲ್ಲಿಸುವವನು ಅವನು. ಹಾವೇರಿಯ ಸಿದ್ಧೇಶ್ವರ ದೇವಾಲಯವನ್ನು ನೋಡಿದವರಿಗೆ ಕಂಬದ ದುಂಡಿನಲ್ಲಿ, ಗೋಡೆಯ ಏಣಿನಲ್ಲಿ ಆ ದಾರದ ಕೆಲಸವು ಕಾಣುವುದು. ಚಾಲುಕ್ಯರ ಕಾಲದ ಆ ದಾರವು ಎಲ್ಲಿಯೂ ಇಲ್ಲ. ಮೆಣಸಿನ ಗಿಡದ ನಳಿಕೆಯೂ ಹಾಗೆಯೇ.

ಎರಡು ಆಕ್ಷೇಪಗಳು ಬರಬಹುದು. ಸೂತ್ರವೆಂದರೆ ಅಲ್ಪಾಕ್ಷರದ ವಾಕ್ಯವೆಂಬ ಅರ್ಥವೂ ಇರುವುದರಿಂದ ಸಂದೇಹವಾಗದೆ ಎಂಬುದು ಒಂದು. ‘ಕೋಶ’ ಶಬ್ದದ ಸಾನ್ನಿಧ್ಯದಿಂದ ಅರ್ಥವು ನಿಯತವಾಗುವುದು. ಗಣಿತಸೂತ್ರ, ಯಜ್ಞಸೂತ್ರಗಳಲ್ಲಿ ಯಾರಿಗೂ ಸಂದೇಹವಿಲ್ಲ. ಸೂಕ್ಷ್ಮನಾಳಿಕೆಯು ಟೊಳ್ಳಾಗಿರುವಾಗ ಅದನ್ನು ಸೂತ್ರವೆನ್ನುವುದು ಹೇಗೆಂಬುದು ಮತ್ತೊಂದು. ಹತ್ತಿಯ ಎಳೆಯೂ ಟೊಳ್ಳೇ ಆಗಿರುವುದೆಂದು ಮೇಲೆ ನೋಡಿದೆವು. ಆದರೂ ಲೋಕವು ಅದನ್ನು ನೂಲೆಂದೇ ಕರೆಯುವುದು.

ಪದವೊಂದರ ತಿದ್ದುಪಡಿಗೆ ಇಷ್ಟು ವಿಸ್ತಾರವೇಕೆಂದು ಸಾಹಿತ್ಯದ ಅಧ್ಯಾಪಕರು ಕೇಳಿಯಾರು. ವಿಜ್ಞಾನವನ್ನು ಕನ್ನಡದಲ್ಲಿ ಓದುವ ಹುಡುಗನಿಗೆ ಸೂಕ್ಷ್ಮದರ್ಶಕಕ್ಕಿಂತ ಮುಂಚೆ ಸಿಕ್ಕುವುದು ಶಬ್ದ. ಆ ಶಬ್ದಗಳನ್ನು ಕೊಡುವ ಕೆಲಸವು ಇಂದಿಗೂ ಬಹುಪಾಲು ನಮ್ಮಂತಹ ಭಾಷಾಪಂಡಿತರ ಪಾಲಿಗೆ ಬರುತ್ತಿರುವುದು. ವ್ಯಾಕರಣದ ಶುದ್ಧಿಯನ್ನು ನೋಡಿ, ವಸ್ತುವನ್ನು ನೋಡದೆ ಶಬ್ದವನ್ನು ಕೊಟ್ಟರೆ, ಕೋಶದಲ್ಲಿ ಎಲುಬುಗಳು ಹುಟ್ಟುವುವು. ನನ್ನ ಬಳಿಯಿರುವ ಆ ಹಳೆಯ ಪಟ್ಟಿಯಲ್ಲಿ ‘ಕೋಶಾಸ್ಥಿಪಂಜರ’ವನ್ನು ಹೊಡೆದುಹಾಕಿ ‘ಕೋಶಸೂತ್ರಜಾಲ’ವೆಂದು ಬರೆದುಕೊಂಡಿರುವೆನು. ಇದಕ್ಕಿಂತ ಮೇಲಾದ ಶಬ್ದವನ್ನು ಬಲ್ಲ ವಿದ್ವಾಂಸರು ಅದನ್ನು ತಿಳಿಸಬೇಕೆಂದೂ, ತಿಳಿಸುವ ಮೊದಲು ಮೆಣಸಿನ ಹೂವಿನ ಪರಾಗವನ್ನು ಒಮ್ಮೆ ಸಕ್ಕರೆಯ ನೀರಿನಲ್ಲಿ ಹಾಕಿ ನೋಡಬೇಕೆಂದೂ ಪ್ರಾರ್ಥಿಸುವೆನು.